ಆಸ್ಪತ್ರೆ ಹಿಂಜರಿದಾಗ ಮನೆ ಹೆರಿಗೆ: ಇಂಗ್ಲೆಂಡಿನ ವ್ಯವಸ್ಥೆಯೊಳಗೆ ದಾರಿ ಮಾಡಿಕೊಳ್ಳುವ ಬಗೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ನಡುವೆ ಮನೆ ಹೆರಿಗೆಯ ಮಾತು ಬಂದಾಗ ಮೊದಲು ಕೇಳಿಬರುವುದು "ಆಸ್ಪತ್ರೆಯವರು ಅನುಮತಿ ಕೊಡುತ್ತಾರೆಯೇ?" ಎಂಬ ಪ್ರಶ್ನೆ. ಪ್ರಶ್ನೆ ಸಹಜವೇ ಆದರೂ ಅದರೊಳಗೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಅಲ್ಲಿನ ಕಾನೂನಿನಲ್ಲಿ, ಹೆಣ್ಣೊಬ್ಬಳು ತನ್ನ ಮನೆಯಲ್ಲಿ ಹೆರುವುದಕ್ಕೆ ವೈದ್ಯರ ಅನುಮತಿಯಾಗಲಿ ಆಸ್ಪತ್ರೆಯ ಅನುಮತಿಯಾಗಲಿ ಬೇಕಿಲ್ಲ. ಅದೇ ವೇಳೆಗೆ, ನೋವು ಶುರುವಾದೊಡನೆ ಮಿಡ್‌ವೈಫ್ ಒಬ್ಬರನ್ನು ಮನೆ ಬಾಗಿಲಿಗೆ ಕಳುಹಿಸಲೇಬೇಕೆಂದು ಆಸ್ಪತ್ರೆಯನ್ನು ಕಟ್ಟಿಹಾಕುವ ನೇರವಾದ ಕಾಯ್ದೆಯೂ ಇಲ್ಲ. ಹೆರುವ ಜಾಗವನ್ನು ಆರಿಸಿಕೊಳ್ಳುವ ಹಕ್ಕು ತಾಯಿಯದು, ಆರೈಕೆಯನ್ನು ಅಲ್ಲಿಗೆ ತಲುಪಿಸುವ ಕೈ ಆಸ್ಪತ್ರೆಯದು. ಈ ಎರಡರ ನಡುವಿನ ತೆರಪಿನಲ್ಲಿಯೇ ಎಲ್ಲ ಜಗ್ಗಾಟ ನಡೆಯುವುದು. ಆದ್ದರಿಂದ ಮನೆ ಹೆರಿಗೆಯನ್ನು ಏರ್ಪಾಡು ಮಾಡಿಕೊಳ್ಳಬೇಕೆನ್ನುವವರು ಅನುಮತಿಯ ಭಾಷೆಯನ್ನು ಬಿಟ್ಟು, ಆಸ್ಪತ್ರೆಯ ಹಿಂಜರಿಕೆ ಯಾವ ಬಗೆಯದು ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕಾಗುತ್ತದೆ. ಅಪಾಯದ ಭಯದಿಂದ ಬಂದ ಹಿಂಜರಿಕೆಗೆ ಕೊಡುವ ಉತ್ತರ ಬೇರೆ, ಸಿಬ್ಬಂದಿ ಸಾಲದೆ ಬಂದ ಹಿಂಜರಿಕೆಗೆ ಕೊಡುವ ಉತ್ತರ ಬೇರೆ.

ಮುಂದಕ್ಕೆ ಹೋಗುವ ಮೊದಲು ಮಿಡ್‌ವೈಫ್ ಎಂಬ ಪದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲಿ ಅದನ್ನು ಸೂಲಗಿತ್ತಿ ಎಂದು ಅನುವಾದಿಸಿದರೆ ಅರ್ಥ ಅರ್ಧ ತಪ್ಪುತ್ತದೆ. ನರ್ಸ್ ಎಂದರೆ ಉಳಿದರ್ಧವೂ ತಪ್ಪುತ್ತದೆ. 1902ರ ಮಿಡ್‌ವೈವ್ಸ್ ಕಾಯ್ದೆಯಿಂದ ಆರಂಭಗೊಂಡು ಇಂದಿನವರೆಗೆ ಅದೊಂದು ನೋಂದಾಯಿತ ಸ್ವತಂತ್ರ ವೃತ್ತಿಯಾಗಿ ಬೆಳೆದಿದೆ. ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರು ಪಡೆದವರು ಮಾತ್ರ ಆ ಹೆಸರಿಟ್ಟುಕೊಳ್ಳಬಹುದು. ಸಹಜ ಹೆರಿಗೆಯನ್ನು ಮೊದಲಿಂದ ಕೊನೆಯವರೆಗೆ ತಮ್ಮ ಹೊಣೆಯಲ್ಲಿಯೇ ನಡೆಸುವ ಅಧಿಕಾರ ಅವರಿಗಿದೆ, ತೊಡಕು ಕಂಡಾಗ ಮಾತ್ರ ವೈದ್ಯರನ್ನು ಕರೆಯುತ್ತಾರೆ. ಬೆಂಗಳೂರಿನಲ್ಲಿ ಮೊದಲ ಮಗುವನ್ನು ಹೆತ್ತು ಬಂದ ತಾಯಂದಿರಿಗೆ, ಎರಡನೆಯ ಬಸಿರಿನಲ್ಲಿ ಒಮ್ಮೆಯೂ ಪ್ರಸೂತಿ ತಜ್ಞೆಯ ಮುಖ ಕಾಣದೆ ಒಂಬತ್ತು ತಿಂಗಳು ಕಳೆಯಬಹುದೆಂಬ ಸಂಗತಿಯೇ ಮೊದಲಿಗೆ ದಿಗಿಲು ಹುಟ್ಟಿಸುತ್ತದೆ. ಅದು ಅಲಕ್ಷ್ಯವಲ್ಲ, ಅಲ್ಲಿನ ಕ್ರಮವೇ ಹಾಗೆ.

ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಗೆ ಟ್ರಸ್ಟ್ ಎನ್ನುತ್ತಾರೆ. ಮನೆ ಹೆರಿಗೆಗೆ ಮಿಡ್‌ವೈಫ್‌ಗಳನ್ನು ಕಳುಹಿಸುವುದು ಆಯಾ ಪ್ರದೇಶದ ಟ್ರಸ್ಟ್‌ನ ಕೆಲಸ, ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ದೀರ್ಘಾವಧಿಯ ವೀಸಾಕ್ಕೆ ಅರ್ಜಿ ಹಾಕುವಾಗಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಿದವರಿಗೂ ಹೆರಿಗೆಯ ಆರೈಕೆ ಅಲ್ಲಿನ ನಾಗರಿಕರಿಗೆ ಸಿಗುವಂತೆಯೇ ಸಿಗುತ್ತದೆ.

ಹಿಂಜರಿಕೆಯ ಬೇರು

ಇಂಗ್ಲೆಂಡಿನಲ್ಲಿ ಮನೆ ಹೆರಿಗೆ ಹೊಸ ಹುಚ್ಚೇನೂ ಅಲ್ಲ. 1960ರ ಸುಮಾರಿನಲ್ಲಿಯೂ ಮೂರರಲ್ಲಿ ಒಂದು ಮಗು ಮನೆಯಲ್ಲಿಯೇ ಹುಟ್ಟುತ್ತಿತ್ತು. ಸೈಕಲ್ ಏರಿ ಮನೆಮನೆಗೆ ಹೋಗುತ್ತಿದ್ದ ಮಿಡ್‌ವೈಫ್ ಅಲ್ಲಿನ ಬೀದಿಗಳ ಪರಿಚಿತ ಮುಖವಾಗಿದ್ದಳು. 1970ರಲ್ಲಿ ಸರ್ ಜಾನ್ ಪೀಲ್ ಅಧ್ಯಕ್ಷತೆಯ ಸಮಿತಿ, ಎಲ್ಲ ಹೆರಿಗೆಗಳಿಗೂ ಆಸ್ಪತ್ರೆಯಲ್ಲಿ ಹಾಸಿಗೆ ಒದಗಿಸಬೇಕೆಂದು ಶಿಫಾರಸು ಮಾಡಿತು. ಮುಂದಿನ ಹದಿನೈದು ವರ್ಷಗಳಲ್ಲಿ ಮನೆ ಹೆರಿಗೆಯ ಪ್ರಮಾಣ ಶೇ 1ರ ಆಸುಪಾಸಿಗೆ ಇಳಿಯಿತು. ಆಸ್ಪತ್ರೆಯೇ ಸುರಕ್ಷಿತ ಎಂಬ ಆ ತೀರ್ಮಾನಕ್ಕೆ ತಕ್ಕ ಆಧಾರವಿರಲಿಲ್ಲವೆಂದು 1992ರಲ್ಲಿ ಪಾರ್ಲಿಮೆಂಟಿನ ಆರೋಗ್ಯ ಸಮಿತಿಯೇ ಹೇಳಿತು. 1993ರಲ್ಲಿ ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ವರದಿ, ಹೆರುವ ಜಾಗವನ್ನು ಆರಿಸಿಕೊಳ್ಳುವುದು ಹೆಣ್ಣಿಗೆ ಸೇರಿದ್ದೆಂದು ಸರಕಾರದ ನೀತಿಯ ಭಾಷೆಯಲ್ಲಿ ಬರೆಯಿತು. ಅಷ್ಟಾದರೂ ಪ್ರಮಾಣ ಇಂದಿಗೂ ಶೇ 2ರ ಹತ್ತಿರವೇ ಸುಳಿದಾಡುತ್ತಿದೆ.

ಈ ಚರಿತ್ರೆಯನ್ನು ಹೇಳಲು ಒಂದು ಕಾರಣವಿದೆ. ನೀತಿಯನ್ನು ಒಂದು ವರದಿಯಿಂದ ತಿರುಗಿಸಬಹುದು, ಕೈಚಳಕವನ್ನು ಹಾಗೆ ತಿರುಗಿಸಲಾಗದು. ಹೆರಿಗೆಗಳೆಲ್ಲ ಆಸ್ಪತ್ರೆ ಸೇರಿದ ಮೇಲೆ ತರಬೇತಿ ಪಡೆದ ಮಿಡ್‌ವೈಫ್‌ಗಳಲ್ಲಿ ಹಲವರು ವರ್ಷಕ್ಕೊಂದೆರಡು ಮನೆ ಹೆರಿಗೆಯನ್ನೂ ನೋಡಿರುವುದಿಲ್ಲ. ಪಕ್ಕದ ಕೋಣೆಯಲ್ಲಿ ಡಾಕ್ಟರಿಲ್ಲದ, ಗೋಡೆಗೆ ತುರ್ತು ಗುಂಡಿಯಿಲ್ಲದ ಜಾಗದಲ್ಲಿ ಕೆಲಸ ಮಾಡಲು ಅವರಿಗೆ ಅಂಜಿಕೆಯಾದರೆ ಅದನ್ನು ಹಗೆತನವೆಂದು ತಿಳಿಯುವುದು ಅನ್ಯಾಯ. ನನ್ನ ಅನಿಸಿಕೆಯಲ್ಲಿ, ಅಪಾಯದ ಮಾತಿನಲ್ಲಿ ಹೊರಬರುವ ಹಿಂಜರಿಕೆಯಲ್ಲಿ ಸಾಕಷ್ಟು ಪಾಲು ಇಂಥ ಅಭ್ಯಾಸದ ಕೊರತೆಯದು. ಹಾಗಾಗಿಯೇ, ಸಾಮಾನ್ಯ ಸಮುದಾಯ ಮಿಡ್‌ವೈಫ್‌ಗಳ ಜೊತೆಗೆ ಮನೆ ಹೆರಿಗೆಗೆಂದೇ ಮೀಸಲಾದ ಪ್ರತ್ಯೇಕ ತಂಡ ಟ್ರಸ್ಟ್‌ನಲ್ಲಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಇದ್ದರೆ ಅವರೊಡನೆಯೇ ನೇರವಾಗಿ ಮಾತನಾಡುವುದರಿಂದ ಅರ್ಧ ಜಗ್ಗಾಟ ತಪ್ಪುತ್ತದೆ.

ಅಂಕಿಗಳು ಹೇಳುವುದು, ಹೇಳದಿರುವುದು

ಅಪಾಯದ ಚರ್ಚೆ ಬಂದಾಗ ಎರಡೂ ಕಡೆಯವರು ಎತ್ತಿ ತೋರಿಸುವುದು 2011ರ ನವೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಬರ್ತ್‌ಪ್ಲೇಸ್ ಅಧ್ಯಯನವನ್ನು. ಇಂಗ್ಲೆಂಡಿನಲ್ಲಿ 2008ರಿಂದ 2010ರವರೆಗೆ ನಡೆದ 64,538 ಹೆರಿಗೆಗಳನ್ನು ಅದು ಪರಿಶೀಲಿಸಿತು. ಇವರೆಲ್ಲರೂ ಆರೋಗ್ಯವಂತರಾಗಿದ್ದು, ಬಸಿರಿನಲ್ಲಿ ತೊಡಕಿಲ್ಲದ, ಅಂದರೆ ಕಡಿಮೆ ಅಪಾಯದ ಗುಂಪಿಗೆ ಸೇರಿದವರು ಎಂಬುದನ್ನು ಮರೆಯಬಾರದು. ಲೆಕ್ಕ ಹಾಕಿದ್ದು ಕೊನೆಗೆ ಹೆರಿಗೆ ಎಲ್ಲಾಯಿತು ಎಂಬುದರ ಮೇಲಲ್ಲ, ನೋವು ಆರಂಭವಾದಾಗ ಎಲ್ಲಿ ಹೆರಬೇಕೆಂದು ಯೋಜಿಸಿದ್ದರು ಎಂಬುದರ ಮೇಲೆ. ಮನೆಯಲ್ಲಿ ಆರಂಭವಾಗಿ ಆಸ್ಪತ್ರೆಯಲ್ಲಿ ಮುಗಿದ ಹೆರಿಗೆಯ ಒಳಿತುಕೆಡುಕುಗಳೆಲ್ಲ ಮನೆಯ ಲೆಕ್ಕಕ್ಕೇ ಸೇರಿದವು. ಹೋಲಿಕೆ ನ್ಯಾಯವಾಗಿರಬೇಕಾದರೆ ಹಾಗೆಯೇ ಮಾಡಬೇಕು.

ಅದರ ಫಲಿತಾಂಶ ಎರಡು ಕವಲಾಗಿ ಒಡೆಯಿತು. ಈಗಾಗಲೇ ಒಂದು ಮಗುವನ್ನು ಹೆತ್ತವರಲ್ಲಿ, ಮನೆಯನ್ನು ಆರಿಸಿಕೊಂಡವರ ಮಕ್ಕಳಿಗೂ ಆಸ್ಪತ್ರೆಯಲ್ಲಿ ಪ್ರಸೂತಿ ವೈದ್ಯರಿರುವ ವಿಭಾಗವನ್ನು (ಮುಂದೆ ವೈದ್ಯರ ವಿಭಾಗ) ಆರಿಸಿಕೊಂಡವರ ಮಕ್ಕಳಿಗೂ ಗಂಭೀರ ತೊಂದರೆಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ತಾಯಂದಿರಿಗೆ ಸಿಸೇರಿಯನ್ ಮತ್ತು ಫೋರ್ಸೆಪ್ಸ್‌ನಂಥ ಮಧ್ಯಪ್ರವೇಶಗಳು ಮಾತ್ರ ಮನೆಯ ಗುಂಪಿನಲ್ಲಿ ಬಹಳ ಕಡಿಮೆಯಾಗಿದ್ದವು. ಚೊಚ್ಚಲ ಹೆರಿಗೆಯ ಚಿತ್ರ ಬೇರೆ. ಅಲ್ಲಿ ಮಗುವಿಗೆ ಸಾವು, ಮಿದುಳಿನ ಹಾನಿ, ಭುಜದ ನರಕ್ಕೆ ಪೆಟ್ಟು ಮುಂತಾದ ಗಂಭೀರ ಪರಿಣಾಮಗಳನ್ನು ಒಟ್ಟಿಗೆ ಎಣಿಸಿದಾಗ, ವೈದ್ಯರ ವಿಭಾಗವನ್ನು ಆರಿಸಿಕೊಂಡವರಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯನ್ನು ಆರಿಸಿಕೊಂಡವರಲ್ಲಿ ಸಾವಿರಕ್ಕೆ 9.3 ಆಗಿತ್ತು. ಅಪಾಯ ಸುಮಾರು ಎರಡರಷ್ಟು ಎಂದು ಆಸ್ಪತ್ರೆಯವರು ಹೇಳಿದರೆ ಅದು ಸುಳ್ಳಲ್ಲ. ಸಾವಿರದಲ್ಲಿ 990 ಮಕ್ಕಳು ಎರಡೂ ಕಡೆ ಕ್ಷೇಮ ಎಂದು ಮನೆ ಹೆರಿಗೆಯ ಪರವಾದವರು ಹೇಳಿದರೆ ಅದೂ ಸುಳ್ಳಲ್ಲ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಚ್ಚಿಟ್ಟರೆ ಅದು ತಪ್ಪು.

ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನು ದಂಪತಿಗಳು ಓದದೆ ದಾಟಿಬಿಡುತ್ತಾರೆ. ಮನೆಯಲ್ಲಿ ಹೆರಲು ಯೋಜಿಸಿದ ಚೊಚ್ಚಲ ತಾಯಂದಿರಲ್ಲಿ ಶೇ 45ರಷ್ಟು ಮಂದಿಯನ್ನು ಹೆರಿಗೆಯ ನಡುವೆಯೋ ಹೆರಿಗೆಯಾದ ಕೂಡಲೆಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹಿಂದೆ ಹೆತ್ತವರಲ್ಲಿ ಈ ಪ್ರಮಾಣ ಶೇ 12. ಎಲ್ಲವೂ ಸೈರನ್ ಹಾಕಿಕೊಂಡು ಓಡುವ ತುರ್ತಲ್ಲ. ನೋವು ಬಂದೂ ಬಂದೂ ಹೆರಿಗೆ ಮುಂದುವರಿಯದಿರುವುದು, ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದು ಬೇಕೆನಿಸುವುದು, ಮಗು ಒಳಗೇ ಮಲ ವಿಸರ್ಜಿಸಿ ಗರ್ಭಜಲ ಹಸಿರಾಗಿರುವುದು, ಹೆರಿಗೆಯಾದ ಮೇಲೆ ಮಾಸು ಬೀಳದಿರುವುದು, ಇವೆಲ್ಲ ಸಾಮಾನ್ಯ ಕಾರಣಗಳು. ಆದರೂ ಚೊಚ್ಚಲ ಬಸುರಿಯೊಬ್ಬಳು ಮನೆ ಹೆರಿಗೆಯನ್ನು ಯೋಜಿಸುವುದೆಂದರೆ, ಹೆಚ್ಚುಕಡಿಮೆ ಅರ್ಧ ಸಾಧ್ಯತೆಯಲ್ಲಿ ಆಂಬುಲೆನ್ಸ್ ಪ್ರಯಾಣವನ್ನೂ ಯೋಜಿಸಿದಂತೆಯೇ.

ಈ ಅಧ್ಯಯನದ ಬೆನ್ನಿಗೆ, ವೈದ್ಯಕೀಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2014ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. ಕಡಿಮೆ ಅಪಾಯವಿದ್ದು ಹಿಂದೆ ಹೆತ್ತವರಿಗೆ ಮನೆಯಾಗಲಿ ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಕೇಂದ್ರವಾಗಲಿ ವಿಶೇಷವಾಗಿ ತಕ್ಕದ್ದೆಂದೂ, ಚೊಚ್ಚಲಿನವರಿಗೆ ಮಿಡ್‌ವೈಫ್ ಕೇಂದ್ರ ತಕ್ಕದ್ದು, ಮನೆಯಾದರೆ ಮಗುವಿಗೆ ಅಪಾಯ ಸ್ವಲ್ಪ ಹೆಚ್ಚೆಂದೂ ತಿಳಿಸಬೇಕೆಂದು ಅದು ಹೇಳುತ್ತದೆ. ತಿಳಿಸಿದ ಮೇಲೆ ಆಕೆ ಯಾವುದನ್ನು ಆರಿಸಿಕೊಂಡರೂ ಬೆಂಬಲಿಸಬೇಕೆಂಬುದೂ ಅದರಲ್ಲಿಯೇ ಇದೆ. ಹಿಂಜರಿಯುವ ಆಸ್ಪತ್ರೆಯೊಡನೆ ಮಾತನಾಡುವಾಗ ಈ ಮಾರ್ಗಸೂಚಿಯೇ ಕೈಯಲ್ಲಿರಬೇಕಾದ ಕಾಗದ, ಏಕೆಂದರೆ ಅದು ಆಸ್ಪತ್ರೆಯವರೂ ಒಪ್ಪಿಕೊಂಡಿರುವ ಕಾಗದ.

ಈ ಅಂಕಿಗಳನ್ನು ಹಿಡಿದುಕೊಂಡು ಕರ್ನಾಟಕದಲ್ಲಿ ವಾದಿಸಲು ಹೊರಡಬಾರದು. ಊರಿನಿಂದ ಫೋನಿನಲ್ಲಿ ಅಜ್ಜಿ, "ನಂಗೂ ಎಂಟು ಹೆರಿಗೆ ಮನೇಲೇ ಆಯ್ತು, ಅದಕ್ಯಾಕೆ ಇಷ್ಟು ರಂಪ" ಎಂದರೆ ಅದು ಪ್ರೀತಿಯ ಮಾತು, ಪುರಾವೆಯಲ್ಲ. ಆ ಕಾಲದಲ್ಲಿ ಉಳಿಯದ ತಾಯಂದಿರು ಇಂದು ಫೋನ್ ಎತ್ತುವುದಿಲ್ಲ. ಪಾವಗಡದ ಸೀಮೆಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನಂಥವರ ಕೈಗುಣ ದೊಡ್ಡದು ನಿಜ. ಆದರೆ ಅಂಥವರ ಜಾಗಕ್ಕೆ ಇಂಗ್ಲೆಂಡಿನ ಮಾದರಿಯಲ್ಲಿ ತರಬೇತಿ, ನೋಂದಣಿ, ಔಷಧಿ, ಹಿಂದೆ ಒಂದು ಆಸ್ಪತ್ರೆ, ಇವೆಲ್ಲವನ್ನೂ ಹೊಂದಿದ ಮನೆ ಹೆರಿಗೆಯ ಸೇವೆ ನಮ್ಮಲ್ಲಿ ಬರಲಿಲ್ಲ. 2005ರ ಜನನಿ ಸುರಕ್ಷಾ ಯೋಜನೆಯಿಂದ ಹೆರಿಗೆಯನ್ನೇ ಆಸ್ಪತ್ರೆಗೆ ಒಯ್ಯುವ ದಾರಿಯನ್ನು ನಾವು ಹಿಡಿದೆವು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆ ಶೇ 65ರ ಹತ್ತಿರವಿದ್ದದ್ದು 2019–21ರ ಹೊತ್ತಿಗೆ ಶೇ 97 ಆಯಿತು. ಅಲ್ಲಿ ಮನೆ ಹೆರಿಗೆ ವ್ಯವಸ್ಥೆಯೊಳಗಿನ ಒಂದು ಆಯ್ಕೆ. ಇಲ್ಲಿ ಅದು ಬಹುಮಟ್ಟಿಗೆ ವ್ಯವಸ್ಥೆ ತಲುಪದೆ ಹೋದುದರ ಹೆಸರು.

ಕಾನೂನು ಎಲ್ಲಿಯವರೆಗೆ ಬೆನ್ನಿಗಿದೆ

ಇಂಗ್ಲೆಂಡಿನ ನ್ಯಾಯಾಲಯಗಳು ಒಂದು ವಿಷಯದಲ್ಲಿ ತೀರ ಸ್ಪಷ್ಟ. ತಿಳಿವಳಿಕೆಯುಳ್ಳ ಹೆಣ್ಣು, ತನ್ನ ಜೀವಕ್ಕೋ ಮಗುವಿನ ಜೀವಕ್ಕೋ ಅಪಾಯವಿದ್ದರೂ, ಚಿಕಿತ್ಸೆಯನ್ನು ನಿರಾಕರಿಸಬಹುದು. 1998ರ ಸೇಂಟ್ ಜಾರ್ಜಸ್ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಸಿಸೇರಿಯನ್ ಮಾಡಿದ್ದು ಕಾನೂನುಬಾಹಿರವೆಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 2015ರ ಮಾಂಟ್ಗೊಮರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ರೋಗಿಯ ಸ್ಥಿತಿಯಲ್ಲಿರುವ ವ್ಯಕ್ತಿಗೆ ಮುಖ್ಯವೆನಿಸಬಹುದಾದ ಅಪಾಯಗಳನ್ನೂ ಪರ್ಯಾಯಗಳನ್ನೂ ವೈದ್ಯರು ಹೇಳಲೇಬೇಕೆಂದು ವಿಧಿಸಿತು. ಆಸ್ಪತ್ರೆಗೆ ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ನೆಲೆ ಬೇಕಿಲ್ಲ.

ಆದರೆ ಬರುವುದಿಲ್ಲ ಎನ್ನುವುದು ಒಂದು, ನೀವೇ ಬನ್ನಿ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಬೆನ್ನೆಲುಬಾಗಿ ನಿಲ್ಲುವುದು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ. ಹಂಗೇರಿಯ ಟೆರ್ನೊವ್‌ಸ್ಕಿ ಪ್ರಕರಣದಲ್ಲಿ, 2010ರ ಡಿಸೆಂಬರ್‌ನಲ್ಲಿ, ಯಾವ ಸನ್ನಿವೇಶದಲ್ಲಿ ತಾಯಿಯಾಗಬೇಕೆಂಬ ಆಯ್ಕೆಯೂ ಖಾಸಗಿ ಬದುಕಿನ ಗೌರವದೊಳಗೆ ಬರುತ್ತದೆಂದು, ಆ ಒಡಂಬಡಿಕೆಯಡಿ ತೀರ್ಪು ಕೊಡುವ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಹೇಳಿತು. ಆದರೆ 2016ರಲ್ಲಿ ಜೆಕ್ ಗಣರಾಜ್ಯದ ಇಬ್ಬರು ತಾಯಂದಿರ ಪ್ರಕರಣದಲ್ಲಿ, ಮನೆಗೆ ಮಿಡ್‌ವೈಫ್ ಬರಲು ಅವಕಾಶ ಕೊಡದ ಕಾನೂನು ಆ ವಿಧಿಯನ್ನು ಮುರಿಯುವುದಿಲ್ಲವೆಂದು ಅದೇ ನ್ಯಾಯಾಲಯದ ಮಹಾಪೀಠ 12–5ರ ಬಹುಮತದಲ್ಲಿ ತೀರ್ಮಾನಿಸಿತು. ಹಾಗಾಗಿ ಮನೆ ಹೆರಿಗೆ ನಮ್ಮ ಸಂಪೂರ್ಣ ಹಕ್ಕು ಎಂದು ಪತ್ರದಲ್ಲಿ ಬರೆದರೆ ಟ್ರಸ್ಟ್‌ನ ವಕೀಲರು ನಕ್ಕುಬಿಡಬಹುದು. ಟ್ರಸ್ಟ್ ತನ್ನ ನಿರ್ಧಾರವನ್ನು ಕಾರಣಸಹಿತವಾಗಿ, ಪ್ರತಿಯೊಬ್ಬರ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡಿ, ಅಳತೆ ಮೀರದಂತೆ ತೆಗೆದುಕೊಳ್ಳಬೇಕು ಎಂದು ಬರೆದರೆ ಅವರು ಉತ್ತರಿಸಲೇಬೇಕಾಗುತ್ತದೆ.

ಇನ್ನೊಂದು ಗಡಿಯನ್ನು ಮನೆಯವರು ತಿಳಿದಿರಬೇಕು. ತುರ್ತು ಸಂದರ್ಭವನ್ನು ಬಿಟ್ಟರೆ, ನೋಂದಾಯಿತ ಮಿಡ್‌ವೈಫ್ ಅಥವಾ ವೈದ್ಯರಲ್ಲದವರು ಹೆರಿಗೆ ಮಾಡಿಸುವುದು ಅಲ್ಲಿ ಅಪರಾಧ. ಬಾಣಂತನಕ್ಕೆಂದು ಸಂದರ್ಶಕ ವೀಸಾದಲ್ಲಿ ಬಂದ ತಾಯಿ ಎಷ್ಟು ಅನುಭವಿಯಾಗಿದ್ದರೂ ಆಕೆ ಕೈಹಿಡಿದು ಕೂರಬಹುದು, ಬೆನ್ನು ನೀವಬಹುದು, ಮಿಡ್‌ವೈಫ್‌ನ ಪಾತ್ರವನ್ನು ವಹಿಸುವಂತಿಲ್ಲ. ಹೆರಿಗೆಯ ಹೊತ್ತಿಗೆ ಒತ್ತಾಸೆಯಾಗಿರಲು ಹಣ ಕೊಟ್ಟು ಗೊತ್ತುಮಾಡಿಕೊಳ್ಳುವ ಡೌಲಾ ಎಂಬ ಸಂಗಾತಿಗೂ ಇದೇ ನಿಯಮ ಅನ್ವಯಿಸುತ್ತದೆ.

ಯಾವ ಕಾರಣಕ್ಕೆ ಯಾವ ಉತ್ತರ

ಹಿಂಜರಿಕೆಗೆ ಆರೋಗ್ಯವೇ ಕಾರಣವೆಂದು ಹೇಳಿದಾಗ, ಯಾವ ಸ್ಥಿತಿ, ಅದರಿಂದ ಯಾವ ಅಪಾಯ, ಆ ಅಪಾಯದ ಪ್ರಮಾಣವೆಷ್ಟು, ಮನೆಯಲ್ಲಿ ಅದು ಎದುರಾದರೆ ಏನು ಮಾಡಲಾಗದು ಎಂಬ ನಾಲ್ಕನ್ನೂ ಬಿಡಿಸಿ ಹೇಳುವಂತೆ ಕೇಳಬೇಕು. ನೈಸ್ ಮಾರ್ಗಸೂಚಿಯಲ್ಲಿ ವೈದ್ಯರ ವಿಭಾಗವೇ ಒಳಿತೆಂದು ಸೂಚಿಸುವ ಸ್ಥಿತಿಗಳ ಪಟ್ಟಿಯಿದೆ: ಹಿಂದಿನ ಸಿಸೇರಿಯನ್, ಅವಳಿ ಮಕ್ಕಳು, ಬುಡ ಕೆಳಗಾಗಿರುವ ಮಗು, ಏರಿದ ಬಿ.ಪಿ., ಹಿಂದಿನ ಹೆರಿಗೆಯಲ್ಲಿ ಚಿಕಿತ್ಸೆ ಬೇಕಾದಷ್ಟು ರಕ್ತಸ್ರಾವ, 37 ವಾರ ತುಂಬುವ ಮೊದಲೇ ಬಂದ ನೋವು ಮುಂತಾದವು. ಕನ್ನಡಿಗರ ಮನೆಗಳಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಎದುರಾಗುತ್ತವೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚಾಗಿರುವುದರಿಂದ 24ರಿಂದ 28 ವಾರಗಳ ನಡುವೆ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆಗೆ ಕರೆ ಬರುತ್ತದೆ, ಸಕ್ಕರೆ ಕಂಡುಬಂದರೆ ಕಡಿಮೆ ಅಪಾಯದ ಗುಂಪಿನಿಂದ ಹೆಸರು ಹೊರಬೀಳುತ್ತದೆ. ಎರಡನೆಯದು ರಕ್ತಹೀನತೆ. ಹಿಮೋಗ್ಲೋಬಿನ್ 85ಕ್ಕಿಂತ ಕೆಳಗಿದ್ದರೆ ಆಸ್ಪತ್ರೆ ಎಂದು ಪಟ್ಟಿ ಹೇಳುತ್ತದೆ. ಅಲ್ಲಿನ ಲೆಕ್ಕ ಲೀಟರಿಗೆ ಗ್ರಾಂ ಆದ್ದರಿಂದ ಅದು ನಮ್ಮ ಲ್ಯಾಬಿನ ಚೀಟಿಯ 8.5. ಐದನೆಯ ತಿಂಗಳಿನಿಂದಲೇ ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡಿದ್ದರೆ ತಪ್ಪಿಸಬಹುದಾಗಿದ್ದ ಈ ಕಾರಣಕ್ಕೆ ಕೊನೆಯ ಗಳಿಗೆಯಲ್ಲಿ ಯೋಜನೆ ಮುರಿದುಬೀಳುವುದು ಬೇಸರದ ಸಂಗತಿ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬಾಗಿಲು ಮುಚ್ಚಿತೆಂದಲ್ಲ. ಪಟ್ಟಿ ಸಲಹೆಗೆ ಆಧಾರ, ಅಪ್ಪಣೆಯಲ್ಲ. ಆದರೆ ಇಲ್ಲಿ ನನ್ನ ಅಭಿಪ್ರಾಯವನ್ನು ಮರೆಮಾಡುವುದಿಲ್ಲ: ಹಕ್ಕಿದೆ ಎಂಬುದು ಒಂದು ಮಾತು, ಆ ಹಕ್ಕನ್ನು ಯಾವಾಗ ಚಲಾಯಿಸಬೇಕೆಂಬ ವಿವೇಕ ಇನ್ನೊಂದು. ಹಿಂದಿನ ಹೊಲಿಗೆ ಬಿಚ್ಚಿಕೊಳ್ಳಬಹುದಾದ ಗರ್ಭಕೋಶಕ್ಕೂ ಧಾರಾಕಾರ ರಕ್ತಸ್ರಾವಕ್ಕೂ ನಿಮಿಷಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಮತ್ತು ರಕ್ತ ಬೇಕು, ಅವೆರಡೂ ಮನೆಯಲ್ಲಿಲ್ಲ. ಇಂಥ ಸ್ಥಿತಿಯಿದ್ದೂ ಮನೆಯನ್ನೇ ಬಯಸುವವರಿಗೆ ಹಲವು ಟ್ರಸ್ಟ್‌ಗಳು ಹಿರಿಯ ಸಲಹೆಗಾರ ಮಿಡ್‌ವೈಫ್ ಜೊತೆ ವಿಶೇಷ ಭೇಟಿಯನ್ನು ಏರ್ಪಡಿಸುತ್ತವೆ. ಆ ಭೇಟಿಗೆ ಹೋಗುವಾಗ, ತಮಗೆ ಆಸ್ಪತ್ರೆಯಲ್ಲಿ ಬೇಡವಾದದ್ದು ನಿಜವಾಗಿ ಏನು ಎಂದು ಮೊದಲೇ ಯೋಚಿಸಿಕೊಂಡಿರಬೇಕು. ಹಿಂದಿನ ಹೆರಿಗೆಯಲ್ಲಿ ಕೇಳದೆ ಪರೀಕ್ಷೆ ಮಾಡಿದ ನೋವೋ, ಅಪರಿಚಿತರ ಗುಂಪೋ, ಮಲಗಿಯೇ ಹೆರಬೇಕೆಂಬ ಒತ್ತಾಯವೋ, ಗಂಡನನ್ನು ರಾತ್ರಿ ಹೊರಗೆ ಕಳುಹಿಸಿದ್ದೋ? ಇವುಗಳಲ್ಲಿ ಕೆಲವಕ್ಕೆ ಆಸ್ಪತ್ರೆಗೆ ಹೊಂದಿಕೊಂಡಿರುವ ಮಿಡ್‌ವೈಫ್ ಕೇಂದ್ರದಲ್ಲಿಯೇ ಪರಿಹಾರ ಸಿಕ್ಕೀತು. ಅಲ್ಲಿಂದ ಶಸ್ತ್ರಚಿಕಿತ್ಸೆಯ ಕೋಣೆಗೆ ಒಂದು ಮಹಡಿಯೋ ಒಂದು ಹಜಾರವೋ ಅಡ್ಡ.

ಸಿಬ್ಬಂದಿಯ ಕೊರತೆಯ ಕಥೆ ಬೇರೆ. ಮನೆ ಹೆರಿಗೆಗೆ ಕೊನೆಯ ಹಂತದಲ್ಲಿ ಇಬ್ಬರು ಮಿಡ್‌ವೈಫ್‌ಗಳು ಇರುವುದು ರೂಢಿ: ಒಬ್ಬರು ತಾಯಿಗೆ, ಒಬ್ಬರು ಮಗುವಿಗೆ. ದಿನ ತುಂಬುವ 37ನೇ ವಾರದಿಂದ 42ನೇ ವಾರದವರೆಗೆ ರಾತ್ರಿಹಗಲೂ ಕರೆಗೆ ಓಗೊಡಲು ಅವರು ಸಿದ್ಧರಿರಬೇಕು. ವಾರ್ಡಿನಲ್ಲಿ ಜನ ಸಾಲದಾಗ ಟ್ರಸ್ಟ್ ಮೊದಲು ಕೈಹಾಕುವುದು ಈ ಇಬ್ಬರ ಮೇಲೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಅನೇಕ ಟ್ರಸ್ಟ್‌ಗಳು ಮನೆ ಹೆರಿಗೆಯ ಸೇವೆಯನ್ನೇ ನಿಲ್ಲಿಸಿಬಿಟ್ಟದ್ದು ಇದಕ್ಕೆ ದೊಡ್ಡ ಉದಾಹರಣೆ. ನೋವು ಬಂದ ರಾತ್ರಿ ಜನರಿದ್ದರೆ ಬರುತ್ತೇವೆ, ಇಲ್ಲದಿದ್ದರೆ ನೀವೇ ಬನ್ನಿ ಎಂಬ ಉತ್ತರ ಸಿಕ್ಕರೆ ಅದನ್ನು ಬಾಯಿಮಾತಿನಲ್ಲಿ ಬಿಡದೆ ಬರಹಕ್ಕೆ ತರಬೇಕು.

ಪತ್ರವನ್ನು ಬರೆಯಬೇಕಾದ್ದು ಟ್ರಸ್ಟ್‌ನ ಮಿಡ್‌ವೈಫರಿ ನಿರ್ದೇಶಕರಿಗೆ. ಆರನೆಯ ಏಳನೆಯ ತಿಂಗಳಿನಲ್ಲಿಯೇ ಬರೆದರೆ ಉತ್ತರಕ್ಕೂ ಮರು ಉತ್ತರಕ್ಕೂ ಸಮಯ ಉಳಿಯುತ್ತದೆ, 39ನೇ ವಾರದಲ್ಲಿ ಬರೆದ ಪತ್ರ ಜಗಳವಾಗಿಬಿಡುತ್ತದೆ. ಧಾಟಿ ಬೇಡಿಕೆಯದೂ ಆಗಿರಬಾರದು, ಬೆದರಿಕೆಯದೂ ಆಗಿರಬಾರದು. ತಾವು ಅಪಾಯಗಳನ್ನು ತಿಳಿದುಕೊಂಡು ಮನೆಯನ್ನು ಆರಿಸಿಕೊಂಡಿರುವುದಾಗಿ ಹೇಳಿ, ನಿರೀಕ್ಷಿತ ದಿನಾಂಕ ಮತ್ತು ವಿಳಾಸವನ್ನು ಕೊಟ್ಟು, ನೋವು ಶುರುವಾದಾಗ ಯಾವ ಸಂಖ್ಯೆಗೆ ಕರೆ ಮಾಡಬೇಕು, ಇಬ್ಬರು ಸಿಗದಿದ್ದರೆ ಟ್ರಸ್ಟ್ ಏನು ಮಾಡುತ್ತದೆ, ಪಕ್ಕದ ಟ್ರಸ್ಟ್‌ನಿಂದಲೋ ಬೇರೆ ಏಜೆನ್ಸಿಯಿಂದಲೋ ಮಿಡ್‌ವೈಫ್‌ಗಳನ್ನು ಕರೆಸುವ ಏರ್ಪಾಡಿದೆಯೇ, ಕಳೆದ ಆರು ತಿಂಗಳಿನಲ್ಲಿ ಎಷ್ಟು ಬಾರಿ ಸೇವೆ ನಿಂತಿತ್ತು ಎಂಬ ಪ್ರಶ್ನೆಗಳನ್ನು ಕೇಳಬೇಕು. ಕೊನೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ ಅದಕ್ಕೆ ಬರುವ ಉತ್ತರ ಉಳಿದೆಲ್ಲ ಭರವಸೆಗಳಿಗಿಂತ ಹೆಚ್ಚು ತಿಳಿಸುತ್ತದೆ. ಉತ್ತರ ತೃಪ್ತಿಕರವಲ್ಲದಿದ್ದರೆ ಟ್ರಸ್ಟ್‌ನ ರೋಗಿಗಳ ಸಲಹಾ ವಿಭಾಗಕ್ಕೂ, ಆ ಪ್ರದೇಶದ ಆರೋಗ್ಯ ಸೇವೆಗೆ ಹಣ ಹಂಚುವ ಇಂಟಿಗ್ರೇಟೆಡ್ ಕೇರ್ ಬೋರ್ಡಿಗೂ ದೂರು ಒಯ್ಯಬಹುದು. 1960ರಲ್ಲಿ ಹುಟ್ಟಿದ ಏಮ್ಸ್ ಎಂಬ ತಾಯಂದಿರ ಸಂಘಟನೆಯೂ ಬರ್ತ್‌ರೈಟ್ಸ್ ಎಂಬ ಸಂಸ್ಥೆಯೂ ಇಂಥ ಪತ್ರಗಳಿಗೆ ಉಚಿತ ಮಾರ್ಗದರ್ಶನ ನೀಡುತ್ತವೆ. ಏಮ್ಸ್ ಎಂದೊಡನೆ ದೆಹಲಿಯ ಆಸ್ಪತ್ರೆ ನೆನಪಾಗುವುದು ನಮ್ಮ ಗ್ರಹಚಾರ; ಇದಕ್ಕೂ ಅದಕ್ಕೂ ನಂಟಿಲ್ಲ.

ಸೇವೆ ನಿಂತೇಹೋದರೆ ಉಳಿಯುವ ದಾರಿಗಳು ಕೆಲವೇ. ಪಕ್ಕದ ಟ್ರಸ್ಟ್‌ನ ತಂಡ ತಮ್ಮ ವಿಳಾಸದವರೆಗೆ ಬರುತ್ತದೆಯೇ ಎಂದು ವಿಚಾರಿಸಬಹುದು. ಸ್ವಂತವಾಗಿ ವೃತ್ತಿ ನಡೆಸುವ ಮಿಡ್‌ವೈಫ್‌ಗಳಿದ್ದಾರೆ, ಆದರೆ 2014ರಿಂದ ವೃತ್ತಿವಿಮೆ ಕಡ್ಡಾಯವಾಗಿರುವುದರಿಂದ ಹೆರಿಗೆಯ ಹೊತ್ತಿನ ಆರೈಕೆಗೂ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿ ನೋಡದೆ ಮುಂದುವರಿಯಬಾರದು, ವೆಚ್ಚವೂ ಸಾವಿರಾರು ಪೌಂಡ್. ಯಾರೂ ಇಲ್ಲದೆ ತಾವೇ ಹೆರುವುದು ಕಾನೂನಿನಲ್ಲಿ ಅಪರಾಧವಲ್ಲ. ಆಸ್ಪತ್ರೆಯ ಮೇಲಿನ ಸಿಟ್ಟಿಗೆ ಆ ದಾರಿ ಹಿಡಿಯುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ; ಮೇಲೆ ಹೇಳಿದ ಅಂಕಿಗಳೆಲ್ಲ ತರಬೇತಾದ ಕೈಗಳು ಪಕ್ಕದಲ್ಲಿದ್ದಾಗಿನವು.

ಆ ದಿನ

ಯೋಜನೆ ಕೂಡಿಬಂದರೆ, 36ನೇ ವಾರದ ಹೊತ್ತಿಗೆ ಮಿಡ್‌ವೈಫ್ ಮನೆಗೆ ಬಂದು ಮೆಟ್ಟಿಲು, ಬೆಳಕು, ವಾಹನ ನಿಲ್ಲಿಸುವ ಜಾಗ, ಆಸ್ಪತ್ರೆಯ ದೂರ ಇವನ್ನೆಲ್ಲ ನೋಡಿಕೊಂಡು ಹೋಗುತ್ತಾರೆ. ನೋವು ಕಟ್ಟಿಕೊಂಡಾಗ ಬರುವವರ ಕೈಯಲ್ಲಿ ಮಗುವಿನ ಎದೆಬಡಿತ ಕೇಳುವ ಡಾಪ್ಲರ್, ರಕ್ತಸ್ರಾವ ತಡೆಯುವ ಚುಚ್ಚುಮದ್ದು, ಹೊಲಿಗೆಯ ಸಾಮಾನು, ಮಗು ಉಸಿರಾಡದಿದ್ದರೆ ಬಳಸುವ ಚೀಲ ಮತ್ತು ಮುಖವಾಡ ಇರುತ್ತವೆ. ಮೊದಲ ಹಂತದಲ್ಲಿ 15 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತವನ್ನು ಆಲಿಸುತ್ತಾರೆ. ನೀರಿನ ತೊಟ್ಟಿಯಲ್ಲಿ ಹೆರುವುದಾದರೆ ನೀರಿನ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ದಾಟಬಾರದು. ನಮ್ಮ ಎರೆನೀರಿನ ಬಿಸಿಯನ್ನು ಅಲ್ಲಿ ನೆನೆಯಬಾರದು. ನೋವಿಗೆ ಎಂಟೊನಾಕ್ಸ್ ಎಂಬ, ಅರ್ಧ ಆಮ್ಲಜನಕ ಅರ್ಧ ನೈಟ್ರಸ್ ಆಕ್ಸೈಡ್ ಇರುವ ಅನಿಲದ ಸಿಲಿಂಡರ್ ತರುತ್ತಾರೆ. ಅದು ಬೆಂಕಿಗೆ ಒತ್ತಾಸೆ ಕೊಡುವ ಅನಿಲ. ಒಳ್ಳೆಯ ಗಳಿಗೆಯೆಂದು ಅದೇ ಕೋಣೆಯಲ್ಲಿ ದೀಪ ಹಚ್ಚುವುದನ್ನೂ ಊದುಬತ್ತಿ ಇಡುವುದನ್ನೂ ಆ ಹೊತ್ತಿಗೆ ಬಿಡಬೇಕು. ಸಾಂಬ್ರಾಣಿಯ ಹೊಗೆಗೆ ಸಿಲಿಂಡರ್ ಮನೆಯಿಂದ ಹೋಗುವವರೆಗೆ ಕಾಯಬೇಕು.

ಆಸ್ಪತ್ರೆಗೆ ಹೋಗಬೇಕೆಂದು ಮಿಡ್‌ವೈಫ್ ಹೇಳಿದರೆ ಚರ್ಚೆಗೆ ಅದು ಸಮಯವಲ್ಲ. ಯಾವ ಯಾವ ಸ್ಥಿತಿಯಲ್ಲಿ ಹೊರಡಬೇಕೆಂಬುದನ್ನು ಗಂಡ, ತಾಯಿ, ಅತ್ತೆ ಎಲ್ಲರ ಎದುರಿನಲ್ಲಿ ಮುಂಚೆಯೇ ಮಾತನಾಡಿಕೊಂಡಿದ್ದು, ಆಸ್ಪತ್ರೆಯ ಚೀಲವನ್ನು ಬಾಗಿಲ ಬಳಿ ಕಟ್ಟಿಟ್ಟಿರಬೇಕು.

ಮಗು ಮನೆಯಲ್ಲಿಯೇ ಹುಟ್ಟಿದರೆ, ಜನನದ ಸೂಚನೆಯನ್ನು 36 ಗಂಟೆಯೊಳಗೆ ವ್ಯವಸ್ಥೆಗೆ ಸೇರಿಸುವ ಕೆಲಸವನ್ನು ಮಿಡ್‌ವೈಫ್ ಮಾಡುತ್ತಾರೆ, 72 ಗಂಟೆಯೊಳಗೆ ಮಗುವಿನ ಪೂರ್ಣ ತಪಾಸಣೆ ನಡೆಯುತ್ತದೆ. ತಂದೆತಾಯಿ 42 ದಿನಗಳೊಳಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ಮಗುವಿಗೆ ಭಾರತದ ಪಾಸ್‌ಪೋರ್ಟ್ ಬೇಕೆನ್ನುವವರು ಒಂದು ವರ್ಷದೊಳಗೆ ಭಾರತೀಯ ಹೈಕಮಿಷನ್‌ನಲ್ಲಿಯೂ ಜನನವನ್ನು ದಾಖಲಿಸಬೇಕಾಗುತ್ತದೆ. ಅದಕ್ಕೆ ತಂದೆತಾಯಿಯರಿಬ್ಬರ ಹೆಸರಿರುವ ಪೂರ್ಣ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಬೇಕು. ಅದರ ಜನನ ಸ್ಥಳದ ಅಂಕಣದಲ್ಲಿ ಆಸ್ಪತ್ರೆಯ ಹೆಸರಿನ ಬದಲು ಮನೆಯ ಬಾಗಿಲ ಸಂಖ್ಯೆ ಮತ್ತು ಬೀದಿಯ ಹೆಸರು ಇರುತ್ತದೆ. ಅದನ್ನು ನೋಡಿದ ಗುಮಾಸ್ತರು ತಪ್ಪಿ ವಾಸದ ವಿಳಾಸ ಬರೆದಿರಬೇಕೆಂದು ಕೇಳಿದರೆ, ಅಲ್ಲ, ಹುಟ್ಟಿದ್ದೇ ಅಲ್ಲಿ ಎಂದು ಹೇಳಬೇಕಾಗುತ್ತದೆ.